ಒಂದಕ್ಕೆ ಕಾಲು ಕಡಿಮೆ

ಲೇತ್ ಮೇಸ್ತ್ರಿಗೆ ಅಕ್ಕನ ಕೈಬರಹ ಕಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ವಯಸ್ಸು ಐವತ್ತೆಂಟು, ತಲೆಯಲ್ಲಿ ಕರಿಕೂದಲು ಹುಡುಕಿದರೂ ಸಿಗುವುದಿಲ್ಲ, ಆ ಬೀದಿಯ ವರ್ಕ್‌ಶಾಪಿನವರೆಲ್ಲ ಅಳತೆ ಕೈತಪ್ಪಿದಾಗ ಓಡಿ ಬರುವುದು ಇವನ ಹತ್ತಿರವೇ. ಆದರೂ ಅಕ್ಕನ ಚೀಟಿ ಬಂದರೆ ಕೈಯಲ್ಲಿದ್ದ ಗ್ರೀಸನ್ನು ಒರೆಸಿಕೊಂಡೇ ಬಿಡಿಸುತ್ತಾನೆ. ಅಕ್ಕ ಮೂವತ್ತಾರು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಅವಳ ಲೆಕ್ಕ ತಪ್ಪಿದ್ದನ್ನು ಮೇಸ್ತ್ರಿ ಹುಟ್ಟಿದ ಮೇಲೆ ನೋಡಿಲ್ಲ.

ಆ ಸೋಮವಾರ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟು: "ಕಾಲು ಎರಡು. ಉದ್ದ ಒಂಬತ್ತಿಂಚು. ತುದಿಗೆ ರಬ್ಬರು. ಒಂದಕ್ಕೆ ಕಾಲು ಕಡಿಮೆ. ಒಂದೇ ಕೈಯಲ್ಲಿ ಹಾಕಿ ತೆಗೆಯುವ ಹಾಗಿರಲಿ. ಸ್ಕ್ರೂ ಗಿಕ್ರೂ ಬೇಡ."

ಕಾಲು ಎಂದರೆ ಬಂದೂಕಿನ ಕಾಲು. ಗುರಿ ಹೊಡೆಯುವವರು ಬೋರಲು ಮಲಗಿದಾಗ ರೈಫಲ್ಲಿನ ಮೂತಿ ಅಲುಗದಿರಲೆಂದು ಮುಂಭಾಗಕ್ಕೆ ಸಿಕ್ಕಿಸುವ ಜೋಡಿಗಾಲು. ಬೇಕಾದಾಗ ಹಾಕಿ, ಬೇಡವಾದಾಗ ಕಳಚಿ ಇಡಬಹುದು. ಅಂಗಡಿಯವರು ಅದಕ್ಕೆ ಬೈಪಾಡ್ ಎಂಬ ಗಂಭೀರ ಹೆಸರಿಟ್ಟಿದ್ದಾರೆ. ಅಕ್ಕನ ಬಾಯಲ್ಲಿ ಮಾತ್ರ ಅದು ಬರೀ ಕಾಲು, ಅದೂ ಮೂಗು ಮುರಿದುಕೊಂಡು ಹೇಳುವ ಕಾಲು.

ಏಕೆಂದರೆ ಮೂವತ್ತು ವರ್ಷ ಅವಳು ಯಾವ ಆಸರೆಯೂ ಇಲ್ಲದೆ ಹೊಡೆದವಳು. ಶಾಲೆ ಮುಗಿಸಿ, ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ರೈಫಲ್ ಕ್ಲಬ್ಬಿಗೆ ಹೋಗಿ, ಗೋಡೆಯಿಂದ ಮೂರನೆಯ ಅಂಕಣದಲ್ಲಿ ಚಾಪೆ ಹಾಸಿ ಮಲಗಿದಳೆಂದರೆ ಮುಗಿಯಿತು. "ಕಾಲು ಬೇಕಾದೋರು ಮೇಜು ಕೊಂಡ್ಕೊಳ್ಲಿ, ಬಂದೂಕು ಯಾಕೆ?" ಎಂದು ಪಕ್ಕದವರ ಕಾಲೆಳೆಯುತ್ತಿದ್ದಳು. ನೂರಕ್ಕೆ ತೊಂಬತ್ತರ ಕೆಳಗೆ ಬಂದ ದಿನ ಯಾರೊಂದಿಗೂ ಮಾತಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಎಡಗೈಯಿಂದ ಬಾಚಣಿಗೆ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮಡಚಿಕೊಳ್ಳಲೇ ಇಲ್ಲ. ಎರಡು ವಾರ ಆಸ್ಪತ್ರೆ, ಆರು ತಿಂಗಳು ಸ್ಪಂಜಿನ ಚೆಂಡು ಹಿಚುಕುವ ವ್ಯಾಯಾಮ. ಮಾತು, ನಡಿಗೆ ಎಲ್ಲ ಮೊದಲಿನಂತಾಯಿತು, ಎಡಗೈ ಒಂದು ಮಾತ್ರ ಕೈಕೊಟ್ಟಿತು. ಚಮಚ ಹಿಡಿದರೂ ನಡುಗುತ್ತದೆ. ಆಮೇಲೆ ಕ್ಲಬ್ಬಿನ ಎರಡು ಪಂದ್ಯಗಳಲ್ಲಿ ಅವಳು ಅರ್ಧಕ್ಕೇ ಎದ್ದು ಬಂದಳು. ಮೂರನೆಯದಕ್ಕೆ ಮುಂಚೆ ಒಂದು ಪತ್ರ ಬರೆದು ಕೈಚೀಲದಲ್ಲಿಟ್ಟುಕೊಂಡಳು. ಈ ಸಲ ಹತ್ತು ಗುಂಡೂ ಮುಗಿಸಲಾಗದಿದ್ದರೆ ಬಂದೂಕನ್ನು ಕ್ಲಬ್ಬಿಗೇ ಕೊಟ್ಟುಬಿಡುತ್ತೇನೆ ಎಂದು ಅದರಲ್ಲಿತ್ತು. ತಮ್ಮನಿಗೆ ಅದನ್ನು ಓದಿ ಹೇಳಿದಾಗ ಅವಳ ದನಿ ಹಾಜರಿ ಕೂಗುವ ಹಾಗೆ ಸಮವಾಗಿತ್ತು. ಬಂದೂಕು ಇಲ್ಲದ ಅಕ್ಕನನ್ನು ಅವನು ಕಣ್ಮುಂದೆ ತಂದುಕೊಳ್ಳಲು ನೋಡಿದ, ಬರಲಿಲ್ಲ.

"ಆಸರೆ ಇಟ್ಕೊಂಡು ಹೊಡೆಯೋರ ವಿಭಾಗ ಒಂದಿದೆಯಲ್ಲ, ಅಕ್ಕ. ಅದರಲ್ಲಿ ಸೇರ್ಕೋ. ಕಾಲು ನಾನು ಮಾಡಿಕೊಡ್ತೀನಿ."

"ನನಗೆ ಕಾಲು ಬೇರೆ ಕೇಡು!"

"ನನಗೆ ನೀನು ಮಾಡಿಕೊಟ್ಟಿರ್ಲಿಲ್ವಾ?"

ಅಕ್ಕನ ಕಣ್ಣು ಅವನ ಎಡಗಾಲಿನ ಬೂಟಿನ ಮೇಲೆ ಹೋಯಿತು.

ಮೇಸ್ತ್ರಿಯ ಎಡಗಾಲು ಹುಟ್ಟಿನಿಂದಲೂ ಬಲಗಾಲಿಗಿಂತ ಒಂದಿಂಚು ಗಿಡ್ಡ. ಅವನಿಗೆ ಏಳು, ಅಕ್ಕನಿಗೆ ಹನ್ನೆರಡು ವರ್ಷವಾಗಿದ್ದಾಗ ಅವಳು ಹಳೆಯ ಚರ್ಮದ ಚೀಲವೊಂದನ್ನು ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ಅವನ ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಇಟ್ಟಿದ್ದಳು. ಅವತ್ತು ಅವನು ಮನೆಯಿಂದ ಶಾಲೆಯವರೆಗೆ ಮೊದಲ ಸಲ ಗೋಡೆ ಹಿಡಿಯದೆ ನಡೆದ. ಈಗ ಬೂಟು ಹೊಲಿಯಲು ಒಳ್ಳೆಯ ಕೆಲಸಗಾರರಿದ್ದಾರೆ, ಆದರೆ ಒಳಗಿನ ಪದರ ಮಾತ್ರ ಇವತ್ತಿಗೂ ಅಕ್ಕನದೇ. ಕಾಲಿಂಚಿನ ನಾಲ್ಕು ಪದರ. ಮೇಲಿನದು ಒಂದು ತಿಂಗಳಿಂದ ಅಂಟು ಬಿಟ್ಟು ಜಾರುತ್ತಿತ್ತು. ಅಕ್ಕನ ಕೈ ಹೀಗಿರುವಾಗ ಹೇಳುವುದು ಹೇಗೆಂದು ಅವನು ತುಟಿಪಿಟಕ್ಕೆನ್ನದೆ ಹಾಗೇ ನಡೆಯುತ್ತಿದ್ದ.

ಅಂತೂ ಅಕ್ಕ ಒಪ್ಪಿದಳು. ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಪಂದ್ಯದ ದಿನವೇ ತಾ. ಮೊದಲೇ ನೋಡಿದ್ರೆ ಬೇಡ ಅಂದ್ಬಿಡ್ತೀನಿ. ಭಾನುವಾರ ಹತ್ತಕ್ಕೆ ಕಾಲು ಗಂಟೆ ಇರೋವಾಗ ಅಲ್ಲಿರು."

ಗಡಿಯಾರದ ವಿಷಯದಲ್ಲಿ ಅವಳ ಮಾತು ಯಾವಾಗಲೂ ಹೀಗೇ, ಸುತ್ತಿ ಬಳಸಿ. ಮೇಷ್ಟ್ರಗಿರಿಯ ಗತ್ತು ಎಂದು ಮೇಸ್ತ್ರಿ ಮೊದಲಿನಿಂದಲೂ ನಗುತ್ತಿದ್ದ.

ವಾರವಿಡೀ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಹಗುರ ಲೋಹದ ಸರಳನ್ನು ಲೇತಿಗೆ ಕೊಟ್ಟು ತಿರುಗಿಸಿ ಕಾಲು ತೆಗೆದ. ಬಂದೂಕನ್ನು ಕ್ಲಬ್ಬಿನ ಬೀರುವಿನಿಂದ ಆಚೆ ತರುವಂತಿರಲಿಲ್ಲವಾದ್ದರಿಂದ ಅದರ ಮುಂಭಾಗದ ಅಳತೆಗೆ ಸರಿಯಾಗಿ ಒಂದು ಮರದ ತುಂಡನ್ನು ಕೆತ್ತಿ ವೈಸಿನ ಇಕ್ಕಳದಲ್ಲಿ ಬಿಗಿದುಕೊಂಡ. ಕಾಲನ್ನು ಬಂದೂಕಿಗೆ ಸಿಕ್ಕಿಸುವ ಹಿಡಿಕೆ ಎಲ್ಲಕ್ಕಿಂತ ಕಷ್ಟ ಕೊಟ್ಟಿತು. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡಬೇಕು, ಬಿಟ್ಟರೆ ಕಚ್ಚಿಕೊಳ್ಳಬೇಕು, ಮರಕ್ಕೆ ಗೀರು ಬೀಳಬಾರದು. ಮೂರು ಸ್ಪ್ರಿಂಗ್ ಬದಲಾಯಿಸಿದ. ತನ್ನ ಎಡಗೈಯನ್ನು ಬೆನ್ನ ಹಿಂದೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಬಲಗೈಯೊಂದರಲ್ಲೇ ಇನ್ನೂರು ಸಲ ಹಾಕಿದ, ತೆಗೆದ. ಹೆಂಡತಿ ಬಾಗಿಲಲ್ಲಿ ನಿಂತು, "ಅಕ್ಕನ ಕೆಲಸ ಅಂದ್ರೆ ಎರಡು ಕೈಯೂ ಬೇಡ ನಿಮಗೆ. ನಮ್ಮನೆ ನಲ್ಲಿಗೆ ಒಂದು ಕೈ ಹಾಕೋಕೂ ಆಗಲ್ಲ," ಎಂದು ಹೇಳಿ ಹೋದಳು. ನಲ್ಲಿ ಸೋರುತ್ತಿರುವುದು ನಿಜ.

ಶನಿವಾರ ಚೀಟಿಯನ್ನು ಮತ್ತೊಮ್ಮೆ ತೆಗೆದು ನೋಡಿದ. ಒಂದಕ್ಕೆ ಕಾಲು ಕಡಿಮೆ. ಎರಡು ಕಾಲಿನಲ್ಲಿ ಒಂದಕ್ಕೆ ಕಾಲಿಂಚು ಕಡಿಮೆ. ಅವನಿಗೂ ಒಂದು ಕ್ಷಣ ವಿಚಿತ್ರವೆನಿಸಿತು. ಆದರೆ ಕಾಯಿಲೆ ಬಿದ್ದ ಮೇಲೆ ಅಕ್ಕನ ಎಡಭುಜ ಸ್ವಲ್ಪ ಇಳಿದಿದೆ, ಅದನ್ನು ಸರಿದೂಗಿಸಲು ಏನೋ ಲೆಕ್ಕ ಹಾಕಿರುತ್ತಾಳೆ. ಅಕ್ಕನ ಲೆಕ್ಕವನ್ನು ಕೇಳಲು ತಾನು ಯಾರು? ಎಡಗಾಲನ್ನು ಕಾಲಿಂಚು ಗಿಡ್ಡವಾಗಿ ಕತ್ತರಿಸಿ, ಅರದಿಂದ ಉಜ್ಜಿ, ಎರಡಕ್ಕೂ ರಬ್ಬರು ತೊಡಿಸಿದ. ರಬ್ಬರಿನ ದಪ್ಪ ಬರೆದಿಲ್ಲವಲ್ಲ, ನನಗೇ ಬಿಟ್ಟಿದ್ದಾಳೆ ಎಂದುಕೊಂಡು ಒಂದಿಂಚು ಇಟ್ಟ.

ಭಾನುವಾರ ಹೇಳಿದ ಹೊತ್ತಿಗೆ ಅವನು ಕ್ಲಬ್ಬಿನ ರೇಂಜಿನಲ್ಲಿದ್ದ. ಉದ್ದನೆಯ ತಗಡಿನ ಮಾಡು, ಕೆಳಗೆ ಸಿಮೆಂಟಿನ ಕಟ್ಟೆ, ಕಟ್ಟೆಗೆ ಗೆರೆ ಎಳೆದು ಮಾಡಿದ ಅಂಕಣಗಳು, ಎದುರಿಗೆ ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿಗಳು. ಅಕ್ಕ ಮೂರನೆಯ ಅಂಕಣದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅವನು ಬಟ್ಟೆ ಸುತ್ತಿದ್ದ ಕಾಲನ್ನು ಬಿಡಿಸಿ ಕೊಟ್ಟ.

ಅಕ್ಕ ಬಲಗೈಯಲ್ಲಿ ತೆಗೆದುಕೊಂಡು ಹೆಬ್ಬೆರಳು ಒತ್ತಿ ಬಂದೂಕಿಗೆ ಹಿಡಿದಳು. ಟಕ್ ಎಂದು ಕೂತಿತು. ಒತ್ತಿದಳು, ಬಂತು. ಮತ್ತೆ ಟಕ್. ಅವಳ ಮುಖ ಎಳೆಯ ಹುಡುಗಿಯ ಮುಖದ ಹಾಗೆ ಅರಳಿತು. ಆಮೇಲೆ ಬಂದೂಕನ್ನು ಕಟ್ಟೆಯ ಮೇಲೆ ಇಟ್ಟಳು. ಅದು ಎಡಕ್ಕೆ ವಾಲಿ ನಿಂತಿತು.

"ಇದೇನೋ ಇದು?"

"ಕಾಲು."

"ಅದು ಗೊತ್ತಾಯ್ತು. ಯಾಕೆ ಹೀಗೆ ಕುಂಟ್ತಾ ಇದೆ?" ಮಾತು ಬಾಯಿಂದ ಬಿದ್ದ ಕೂಡಲೇ ಅವಳು ನಾಲಿಗೆ ಕಚ್ಚಿಕೊಂಡಳು.

ಮೇಸ್ತ್ರಿ ಜೇಬಿನಿಂದ ಚೀಟಿ ತೆಗೆದ. "ನೀನೇ ಬರ್ದಿದೀಯ ನೋಡು. ಒಂದಕ್ಕೆ ಕಾಲು ಕಡಿಮೆ. ಎಡಗಾಲಿಗೆ ಕಾಲಿಂಚು ಕಮ್ಮಿ ಮಾಡಿದೀನಿ."

"ಅಯ್ಯೋ ಪೆದ್ದ! ಅದು ರಬ್ಬರಿನ ದಪ್ಪ ಕಣೋ. ಒಂದಿಂಚಿಗೆ ಕಾಲಿಂಚು ಕಡಿಮೆ!"

"ಅಂದ್ರೆ ಮುಕ್ಕಾಲಿಂಚಾ?"

ಅಕ್ಕ ತಲೆ ಮಾತ್ರ ಆಡಿಸಿದಳು.

"ಮುಕ್ಕಾಲು ಅಂತ ಬರೆಯೋಕೆ ಏನಾಗಿತ್ತು, ಅಕ್ಕ? ಎಲ್ರೂ ಹಾಗೇ ತಾನೆ ಬರೆಯೋದು?"

"ಆ ಪದ ನಾನು ಬರೆಯಲ್ಲ."

"ಯಾಕೆ?"

"ಯಾಕೆ ಅಂತ ನಿನಗೆ ಗೊತ್ತಿಲ್ವೇನೋ?" ಅವಳು ಅವನ ಕಡೆ ನೋಡದೆ, ದಿಬ್ಬದ ಕಡೆ ನೋಡುತ್ತಾ ಕೇಳಿದಳು.

ಆಗ ನೆನಪಾಯಿತು. ಅವನಿಗೆ ಐದೋ ಆರೋ ವರ್ಷ. ಬೀದಿಗೆ ಕಾಲಿಟ್ಟರೆ ಸಾಕು, ಹುಡುಗರ ಹಿಂಡು ಹಿಂದೆ ಬೀಳುತ್ತಿತ್ತು. 'ಮುಕ್ಕಾಲು ಬಂದ, ಮುಕ್ಕಾಲು ಬಂದ!' ಒಂದು ಕಾಲು ಪೂರ್ತಿ, ಇನ್ನೊಂದು ಮುಕ್ಕಾಲು, ಅದಕ್ಕೇ ಆ ಹೆಸರು. ಒಂದು ದಿನ ಅಕ್ಕ ಕೊಡೆ ಹಿಡಿದುಕೊಂಡು ಆ ಹಿಂಡಿನ ಮೇಲೆ ನುಗ್ಗಿದ್ದಳು. ಎಲ್ಲರೂ ಕಾಲಿಗೆ ಬುದ್ಧಿ ಹೇಳಿದ್ದರು. ಮನೆಗೆ ಬಂದವಳು ಮುರಿದ ಕೊಡೆಯನ್ನು ಅಮ್ಮನ ಮುಂದೆ ಹಾಕಿ, ಆ ಪದ ಇನ್ನು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದಿದ್ದಳು.

ಹುಡುಗರು ದೊಡ್ಡವರಾದರು, ಹೆಸರು ಅಳಿಸಿಹೋಯಿತು. ಮೇಸ್ತ್ರಿಯೇ ಅದನ್ನು ಮರೆತಿದ್ದ. ದಿನಕ್ಕೆ ಇಪ್ಪತ್ತು ಸಲ ಮುಕ್ಕಾಲಿಂಚಿನ ಬೋಲ್ಟು, ಮುಕ್ಕಾಲಿಂಚಿನ ಪೈಪು ಎನ್ನುತ್ತಾನೆ, ಒಂದು ಸಲವೂ ನೋಯುವುದಿಲ್ಲ. ಅಕ್ಕ ಮಾತ್ರ ಐವತ್ತು ವರ್ಷದಿಂದ ಆ ಪದವನ್ನು ಮುಟ್ಟದೆ ಬದಿಗೆ ಸರಿದು ನಡೆದಿದ್ದಾಳೆ. ಅದೂ ಲೆಕ್ಕದ ಮೇಡಂ! ಎಷ್ಟು ಸಾವಿರ ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ 'ನಾಲ್ಕರಲ್ಲಿ ಮೂರು' ಎಂದು ದಾಟಿಕೊಂಡಿರಬೇಕು. ಗಡಿಯಾರ ನೋಡಿದಾಗಲೆಲ್ಲ ಸುತ್ತು ಹಾಕಿರಬೇಕು. ಅವನು ಅದನ್ನು ಗತ್ತು ಎಂದುಕೊಂಡು ನಕ್ಕಿದ್ದ. ಇಷ್ಟು ಪ್ರೀತಿಯನ್ನು ಇಷ್ಟು ವರ್ಷ ಪಕ್ಕದಲ್ಲೇ ಇಟ್ಟುಕೊಂಡು ಕಾಣದೇ ಹೋದೆನಲ್ಲ ಎಂದು ಮೇಸ್ತ್ರಿಗೆ ತನ್ನ ಮೇಲೆ ಸಿಟ್ಟು ಬಂತು.

"ಐದು ನಿಮಿಷ!" ಎಂದು ರೇಂಜಿನ ಅಧಿಕಾರಿ ಕೂಗಿದ. ಎತ್ತರದ ಮನುಷ್ಯ, ಕುತ್ತಿಗೆಯಲ್ಲಿ ಸೀಟಿ.

ಅಕ್ಕ ಕಾಲು ಕಳಚಲು ಬಲಗೈಯನ್ನು ಹಿಡಿಕೆಯ ಮೇಲಿಟ್ಟಳು. "ಹೋಗ್ಲಿ ಬಿಡು. ಈ ವಾಲಾಟದಲ್ಲಿ ಹೊಡೆಯೋಕಾಗಲ್ಲ. ನೀನು ಮಾಡಿದ್ದು ಚೆನ್ನಾಗಿದೆ, ತಪ್ಪು ನಂದು." ಇನ್ನೊಂದು ಕೈ ನಡುಗುತ್ತಾ ಕೈಚೀಲದ ಕಡೆ ಹೋಯಿತು. ಪತ್ರ ಅದರಲ್ಲಿತ್ತು.

"ಕೈ ತೆಗಿ, ಅಕ್ಕ," ಎಂದ ಮೇಸ್ತ್ರಿ. ಅಕ್ಕನಿಗೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ಅಲ್ಲೇ ಕಟ್ಟೆಯ ಮೇಲೆ ಕೂತು ಎಡಗಾಲಿನ ಬೂಟು ಬಿಚ್ಚಿದ. ಒಳಗೆ ಬೆರಳು ಹಾಕಿ, ಅಂಟು ಬಿಟ್ಟಿದ್ದ ಮೇಲಿನ ಪದರವನ್ನು ಎಳೆದು ತೆಗೆದ. ವರ್ಷಗಟ್ಟಲೆ ಅವನ ಭಾರ ಹೊತ್ತು ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಚರ್ಮ, ದಪ್ಪ ಸರಿಯಾಗಿ ಕಾಲಿಂಚು. ಅಂಗಿಯ ತುದಿಯಲ್ಲಿ ಒರೆಸಿ ಬಂದೂಕಿನ ಗಿಡ್ಡಗಾಲಿನ ಕೆಳಗೆ ಸರಿಸಿದ. ಬಂದೂಕು ನೆಟ್ಟಗೆ ನಿಂತಿತು.

ಅಕ್ಕ ಅದನ್ನು ನೋಡಿದಳು. ಆಮೇಲೆ ಅವನ ಬರಿಯ ಪಾದವನ್ನು ನೋಡಿದಳು.

"ಯಾವಾಗ ಅಂಟು ಬಿಟ್ಟಿತ್ತೋ?"

"ಒಂದು ತಿಂಗಳಾಯ್ತು."

"ಹೇಳೋಕೇನಾಗಿತ್ತು ನಿನಗೆ?"

"ನಿನಗೆ ಬರೆಯೋಕೇನಾಗಿತ್ತೋ ಅದೇ."

ಅಧಿಕಾರಿ ಸಾಲಿನುದ್ದಕ್ಕೂ ನೋಡುತ್ತಾ ಬಂದವನು ಮೂರನೆಯ ಅಂಕಣದಲ್ಲಿ ನಿಂತ. "ಮೇಡಂ, ರೈಫಲ್ ಕೆಳಗೆ ಏನದು?"

"ಕಾಲಿಗೆ ಜೋಡು, ಸಾರ್," ಎಂದ ಮೇಸ್ತ್ರಿ. "ಬರಿಗಾಲಲ್ಲಿ ನಿಲ್ಸೋದು ಬೇಡ ಅಂತ."

ಅಧಿಕಾರಿ ಬಗ್ಗಿ ನೋಡಿದ, ಬೂಟಿಲ್ಲದ ಮೇಸ್ತ್ರಿಯ ಕಾಲು ನೋಡಿದ, ನಿಯಮದ ಹಾಳೆ ತಿರುವಿದ. ಆಸರೆ ಎರಡೇ ಕಾಲಿನದಾಗಿರಬೇಕು ಎಂದಿತ್ತೇ ಹೊರತು ಅದು ಏನು ಮೆಟ್ಟಿರಬೇಕೆಂದು ಯಾರೂ ಬರೆದಿರಲಿಲ್ಲ. "ಸರಿ, ನೀವು ಹಳದಿ ಗೆರೆಯಿಂದ ಹಿಂದೆ ಹೋಗಿ," ಎಂದು ಮುಂದೆ ನಡೆದ.

ಮೇಸ್ತ್ರಿ ಬೂಟು ಹಾಕಿಕೊಂಡು, ಹಳದಿ ಗೆರೆಯ ಹಿಂದೆ ಕಂಬಕ್ಕೊರಗಿ ನಿಂತ. ಅಧಿಕಾರಿ ಸೀಟಿ ಊದಿದ. ಮೊದಲ ಗುಂಡು ಕರಿವೃತ್ತದ ಕೆಳಗೆ, ಬಿಳಿಯಲ್ಲಿ ಬಿತ್ತು. ಅಕ್ಕನ ಭುಜ ಬಿಗಿಯಾದದ್ದು ಅವನಿಗೆ ಹಿಂದಿನಿಂದಲೇ ಕಂಡಿತು. ಎರಡು ಪಂದ್ಯಗಳಲ್ಲೂ ಅವಳು ಎದ್ದದ್ದು ಹೀಗೆ ಭುಜ ಬಿಗಿಯಾದ ಮೇಲೆಯೇ. ಏಳಬೇಡ, ಅಕ್ಕ, ಎಂದು ಮನಸ್ಸಿನಲ್ಲೇ ಅಂದುಕೊಂಡ. ಅವಳು ನಡುಗುವ ಎಡಗೈಯನ್ನು ಬಂದೂಕಿನಿಂದ ಪೂರ್ತಿ ತೆಗೆದು ಎದೆಯ ಕೆಳಗೆ ಮಡಚಿಟ್ಟುಕೊಂಡಳು. ಬಂದೂಕು ತನ್ನ ಕಾಲ ಮೇಲೆ ತಾನೇ ನಿಂತಿತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡನೆಯದು ಕಪ್ಪಿನೊಳಗೆ ಬಿತ್ತು. ಮೂರು, ನಾಲ್ಕು. ಆರನೆಯದಕ್ಕೆ ಅವಳ ಭುಜ ಸಡಿಲವಾಯಿತು. ಹತ್ತನೆಯ ಸದ್ದು ಕೇಳಿದಾಗ ಮೇಸ್ತ್ರಿ ಎರಡೂ ಕೈಯಲ್ಲಿ ಕಂಬವನ್ನು ಅಪ್ಪಿಕೊಂಡಿದ್ದ.

ನೂರಕ್ಕೆ ಎಂಬತ್ತಮೂರು.

"ಮೊದಲೆಲ್ಲ ಇಷ್ಟು ಬಂದಿದ್ರೆ ಊಟ ಬಿಡ್ತಿದ್ದೆ," ಎಂದಳು ಅಕ್ಕ, ಅಂಕದ ಹಾಳೆಯನ್ನು ಮೂರನೆಯ ಸಲ ನೋಡುತ್ತಾ. ಮುಖದ ತುಂಬ ನಗು. ಕಾಲು ಕಳಚಿ ಬಟ್ಟೆಯಲ್ಲಿ ಸುತ್ತಿದಳು. ಕೈಚೀಲದಿಂದ ಆ ಪತ್ರ ತೆಗೆದು, ಚರ್ಮದ ಪದರವನ್ನು ಅದರಲ್ಲೇ ಪೊಟ್ಟಣ ಕಟ್ಟಿ ಒಳಗಿಟ್ಟಳು. "ಇದು ನನ್ನ ಹತ್ರಾನೇ ಇರ್ಲಿ. ನಿನಗೆ ಹೊಸದು ಕತ್ತರಿಸಿಕೊಡ್ತೀನಿ."

"ಒಂದೇ ಕೈಯಲ್ಲಾ?"

"ನೀನು ಹಿಡ್ಕೋ, ನಾನು ಕತ್ತರಿಸ್ತೀನಿ."

ಇಬ್ಬರೂ ಗೇಟಿನ ಕಡೆ ನಡೆದರು. ಒಂದು ಪದರ ಕಳೆದುಕೊಂಡ ಮೇಸ್ತ್ರಿ ತುಸು ವಾಲುತ್ತಿದ್ದ. ಅಕ್ಕ ಅವನ ಎಡಗಡೆಗೆ ಬಂದು ಎರಡೂ ಕೈಯಲ್ಲಿ ತೋಳು ಹಿಡಿದುಕೊಂಡಳು. ಅದರಲ್ಲಿ ಒಂದು ನಡುಗುವ ಕೈ, ಆದರೂ ಹಿಡಿತ ಗಟ್ಟಿಯಾಗಿತ್ತು.

ಅವನಿಗೆ ತುಂಟತನ ಬಂತು. "ಅಕ್ಕ, ನೀನು ಲೆಕ್ಕದ ಮೇಡಂ ಅಲ್ವಾ? ಬೂಟಲ್ಲಿ ಒಂದಿಂಚಿತ್ತು, ಕಾಲಿಂಚು ತೆಗೆದೆ. ಈಗ ಎಷ್ಟು ಉಳೀತು ಹೇಳು ನೋಡೋಣ."

ಅಕ್ಕ ನಿಂತಳು. ಅವನ ಮುಖ ನೋಡಿದಳು.

"ಒಂದಕ್ಕೆ ಕಾಲು ಕಡಿಮೆ," ಎಂದಳು.