ಕುರಿಗಿಲ್ಲದ ಎಲುಬು

"ಮುಟ್ಟಬೇಡ!" ಎಂದು ಮಾವ ಎಶ್ಮತ್ ಅರಚಿದ. ಬುರುಲ್ಚಾ ಕೆಂಡ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು. ಕುದುರೆ ಎಡವಿ ಅವನು ಬಂಡೆಗೆ ಹೆಗಲು ಬಡಿದು ಬಿದ್ದಿದ್ದ. ಕೊರಳ ಬುಡದ ಬಲಗಡೆ ಏನೋ ಒಂದು ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಬಲಗೈಯ ಬೆರಳುಗಳು ತಣ್ಣಗಾಗಿ ನೀಲಿಗಟ್ಟತೊಡಗಿದ್ದವು.

ಎಲುಬು ಕೂಡಿಸುವುದು ಅತ್ತೆ ಸೈರಕಾನಳ ವಿದ್ಯೆ. ಹೆರಿಗೆ ಮಾಡಿಸಲೆಂದು ಕಣಿವೆಯಾಚೆ ಹೋಗಿದ್ದ ಅವಳು ಬರುವುದು ನಾಳೆ. ಮೂರು ಚಳಿಗಾಲ ಅವಳು ಸೊಸೆಗೆ ಕಲಿಸಿದ್ದಳು. ಕುರಿಯ ಎಲುಬುಗಳನ್ನು ಒಡೆದು ಚರ್ಮದ ಚೀಲದಲ್ಲಿ ಕಟ್ಟಿ, ಹೊರಗಿನಿಂದಲೇ ತಡವಿ ತುಂಡಿಗೆ ತುಂಡು ಕೂಡಿಸಲು ಹೇಳುತ್ತಿದ್ದಳು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಮಾತ್ರ ಒಂದು ವಿಂಗಡಣೆ. ತಲೆಬುರುಡೆ, ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ: ಇವು ಮನೆ ಎಲುಬು, ಗುಡಾರವನ್ನು ನಿಲ್ಲಿಸುವ ಗಳುಗಳಂತೆ. ಕೈಕಾಲುಗಳೂ, ಅವನ್ನು ಆ ಮನೆಗೆ ತಗುಲಿಸುವ ಹೆಗಲ ಹಲಗೆ, ಸೊಂಟದ ಮೂಳೆಗಳೂ ಆಳು ಎಲುಬು, ಮನೆಗೆ ದುಡಿಯುವ ಆಳುಗಳಂತೆ. ಆಳು ಮುರಿದರೆ ಎಳೆದು ಕೂಡಿಸು. ಮನೆ ಮುರಿದರೆ ಕೈ ಹಾಕಬೇಡ, ಹಾಕಿದರೆ ಉಸಿರೇ ಹೋದೀತು.

ಆದರೆ ಇದು ಯಾವ ಎಲುಬು? ಚೀಲದೊಳಗೆ ಇಂಥದೊಂದನ್ನು ಅವಳ ಬೆರಳು ಎಂದೂ ಕಂಡಿರಲಿಲ್ಲ. ಕುರಿಗೆ ಅದು ಇಲ್ಲ.

"ಏನೇ, ನೋಡ್ತಾ ಕೂತ್ಬಿಟ್ಟೆ?" ಎಂದಳು ಪಕ್ಕದ ಗುಡಾರದ ಮುದುಕಿ ಕಾಲಿಪಾ. "ಕೈ ಸಾಯ್ತಾ ಇದೆ."

"ಕೊರಳಿಗೆ ಇಷ್ಟು ಹತ್ರ ಇದೆ ಅಜ್ಜಿ. ಮನೆ ಎಲುಬಾಗಿದ್ರೆ? ಎಳೆದ ಕೂಡ್ಲೇ ಜೀವ ಹೋದ್ರೆ?"

"ಮಾವನ ಹೆಸರು ಬಾಯಲ್ಲಿ ತರಬಾರದೋಳು, ಮಾವನ ಕೊರಳಿಗೇ ಕೈ ಹಾಕ್ತಾಳಂತೆ!" ಎಶ್ಮತ್ ಹಲ್ಲು ಕಚ್ಚಿದ. "ನಿಮ್ಮತ್ತೆ ಬರ್ಲಿ."

"ಅವಳು ಬರೋ ಹೊತ್ತಿಗೆ ಆ ಕೈ ಚಹಾ ಬಟ್ಟಲನ್ನೂ ಹಿಡಿಯಲ್ಲ ಕಣೋ. ಬಾಯ್ಮುಚ್ಕೊಂಡಿರು!"

ಬುರುಲ್ಚಾ ತನ್ನ ಕೊರಳಪಟ್ಟಿಯೊಳಗೆ ಬೆರಳಿಳಿಸಿದಳು. ತನ್ನಲ್ಲೂ ಇದ್ದ ಆ ಎಲುಬಿನ ಒಂದು ತುದಿ ಎದೆಮೂಳೆಗೆ ಆತುಕೊಂಡಿತ್ತು. ಎದೆಮೂಳೆಯೆಂದರೆ ಮನೆ. ಬೆರಳನ್ನು ಹೆಗಲ ಕಡೆಗೆ ಸರಿಸಿದಳು. ಇನ್ನೊಂದು ತುದಿ ಹೆಗಲ ಹಲಗೆಯನ್ನು ಮುಟ್ಟಿತ್ತು. ತಲೆಯನ್ನು ಅತ್ತಿತ್ತ ಹೊರಳಿಸಿದಳು, ಎಲುಬು ಕದಲಲಿಲ್ಲ. ತೋಳೆತ್ತಿದಳು, ಅದೂ ಜೊತೆಗೇ ಎದ್ದು ಹೊರಳಿತು. ನಂಬಿಕೆ ಬರಲಿಲ್ಲ.

"ಅಜ್ಜಿ, ನೀವೂ ತೋಳೆತ್ತಿ."

"ನಾನ್ಯಾಕೇ? ಬಿದ್ದೋನು ಅವನು!" ಎನ್ನುತ್ತಲೇ ಕಾಲಿಪಾ ಎತ್ತಿದಳು. ಅವಳ ಸುಕ್ಕಿನ ಕೆಳಗೂ ಅದು ತೋಳಿನ ಹಿಂದೆಯೇ ನಡೆಯಿತು.

ಆಳು ಎಲುಬು.

"ಮಾವ, ಮನ್ನಿಸಿ." ಅವನನ್ನು ಕೂರಿಸಿ, ಬೆನ್ನಿಗೆ ಮೊಣಕಾಲು ಕೊಟ್ಟು, ಎರಡೂ ಹೆಗಲುಗಳನ್ನು ಹಿಂದಕ್ಕೆಳೆದಳು. ಒಳಗೆಲ್ಲೋ ಲಟಕ್ಕೆಂದಿತು. ಎಶ್ಮತನ ತಲೆ ಎದೆಯ ಮೇಲೆ ವಾಲಿತು.

"ಮಾವ?"

ಹೆಗಲು ಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ, ಹಿಡಿದಿರಲೂ ಸಾಲಲಿಲ್ಲ.

"ಎಶ್ಮತ್!" ಎಂದುಬಿಟ್ಟಳು.

ಕಾಲಿಪಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಕೇಳಿಸ್ತು," ಎಂದ ಮುದುಕ, ಕಣ್ಣು ತೆರೆಯದೆ. "ಕಿರುಬೆರಳಿಗೆ ಇರುವೆ ಮುತ್ತಿದ ಹಾಗಿದೆ. ಗಟ್ಟಿಯಾಗಿ ಕಟ್ಟು."

ಕಟ್ಟಿ ಮುಗಿಸಿ ಬುರುಲ್ಚಾ ಹೊರಗೆ ಬಂದಳು. ಹಾಲು ಕರೆಯುವ ಹೊತ್ತು ಮೀರಿ ಹೆಣ್ಣುಕುದುರೆಗಳು ಕಾಯುತ್ತಿದ್ದವು. ಮೊದಲನೆಯದರ ಬಳಿ ಕುಳಿತು ಕೆಚ್ಚಲಿಗೆ ಕೈ ಒಡ್ಡಿದಳು, ಎಳೆದು ಸೆಟೆದ ಬೆರಳು ಮಡಚಿಕೊಳ್ಳಲಿಲ್ಲ. ಕುದುರೆಯ ಪಕ್ಕೆಗೆ ಹಣೆಯಾನಿಸಿದಳು. ಅದರ ಉಸಿರು ಅವಳ ಹಣೆಯನ್ನು ಮೆಲ್ಲನೆ ಹೊರಕ್ಕೆ ದೂಡುತ್ತಿತ್ತು, ಮತ್ತೆ ಒಳಕ್ಕೆ ಕರೆದುಕೊಳ್ಳುತ್ತಿತ್ತು.