ಅರವತ್ತೆರಡನೆಯ ಅಂಗಿ

ಬೆಟ್ಟಗಳಿಗೂ ಬೆನ್ನುನೋವು ಬರುತ್ತಿದ್ದ ಕಾಲವೊಂದಿತ್ತಂತೆ. ಆಗ ನಮ್ಮ ಶಿರಾಕಿ ಘಟ್ಟಕ್ಕೆ ಚಳಿಗಾಲ ಬಂತೆಂದರೆ ಮೈಮೇಲೆ ಯಾರು ಹೆಜ್ಜೆಯಿಟ್ಟರೂ ಸಹಿಸಲಾಗುತ್ತಿರಲಿಲ್ಲ. ಅವಸರದ ವ್ಯಾಪಾರಿಯೊಬ್ಬ ಕುದುರೆಗೆ ಚಾಟಿ ಬೀಸುತ್ತ ದಡದಡ ಹತ್ತಿದ. ಘಟ್ಟ ಒಮ್ಮೆ ಭುಜ ಕೊಡವಿತು. ವ್ಯಾಪಾರಿ, ಕುದುರೆ, ಉಪ್ಪಿನ ಮೂಟೆ ಎಲ್ಲವೂ ಹಳ್ಳಕ್ಕೆ ಉರುಳಿದವು. ಅವನ ಹಿಂದೆಯೇ ಒಬ್ಬ ಹುಡುಗಿ ಬಂದಳು. ಆಚೆಯ ಊರಿನಲ್ಲಿ ಒಲೆಗಳೆಲ್ಲ ಆರಿಹೋಗಿದ್ದವು, ಅವಳು ಮಡಕೆಯಲ್ಲಿ ಕೆಂಡ ಹೊತ್ತಿದ್ದಳು. ನೀನು ಹೇಗೆ ದಾಟುತ್ತೀಯೆ ಎಂದು ಘಟ್ಟ ಕೇಳಿತು. ಮಲಗಿದ ಕೂಸಿನ ಪಕ್ಕದಲ್ಲಿ ನಡೆದ ಹಾಗೆ ಎಂದಳು ಹುಡುಗಿ. ಘಟ್ಟ ಕಣ್ಣು ಮುಚ್ಚಿಕೊಂಡಿತು.

ಕಥೆಯಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ. ಹುಡುಗಿ ಮೆತ್ತಗೆ ಹೆಜ್ಜೆಯಿಡತೊಡಗುವಷ್ಟರಲ್ಲಿ ನನಗೆ ನಿದ್ದೆ ಬಂದುಬಿಡುತ್ತಿತ್ತು. ಕಿನು ಅಜ್ಜಿಯ ತೊಡೆಯ ಮೇಲೆ ನೂರಾರು ಸಲ ಕೇಳಿದರೂ ನಾನು ಆಚೆಯ ಊರನ್ನು ತಲುಪಿದ್ದಿಲ್ಲ.

ನಮ್ಮ ಹಳೆಯ ಚಾಂದ್ರಮಾನ ಪಂಚಾಂಗದಲ್ಲಿ ಚಳಿಗಾಲಕ್ಕೇ ಬರುವ ಮೊದಲ ತಿಂಗಳ ಹದಿನಾರನೆಯ ದಿನ ಅಜ್ಜಿ ಆ ಘಟ್ಟ ದಾಟಿ ತನ್ನ ತವರಿಗೆ ಹೋಗುತ್ತಿದ್ದಳು. ಆ ಮನೆಯಲ್ಲಿ ಹಿಪ್ಪುನೇರಳೆ ಮರದ ಎರಡು ದೇವರುಗಳಿವೆ, ಮೊಳ ಉದ್ದದವು. ಒಂದಕ್ಕೆ ಕುದುರೆಯ ತಲೆ, ಇನ್ನೊಂದಕ್ಕೆ ಹುಡುಗಿಯ ತಲೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಗೆ ತಂದು, ಹಳೆಯ ಬಟ್ಟೆ ತೆಗೆಯದೆ ಅದರ ಮೇಲೆಯೇ ಹೊಸ ಅಂಗಿ ತೊಡಿಸಬೇಕು. ಹೊತ್ತು ಮುಳುಗಿದರೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ, ಮತ್ತೆ ತೆರೆಯುವುದು ಮುಂದಿನ ವರ್ಷವೇ. ಕೈ ಆಡುವವರೆಗೆ ಅಂಗಿ ನನ್ನದೇ ಎಂದು ಅಜ್ಜಿ ತನ್ನ ತಾಯಿಗೆ ಮಾತು ಕೊಟ್ಟಿದ್ದಳು. ಅರವತ್ತೊಂದು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಈ ವರ್ಷ ಅಂಗಳದ ಹಿಮ ತೆಗೆಯುವಾಗ ಅಜ್ಜಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು. ಘಟ್ಟದ ಬಸ್ಸು ಚಳಿಗಾಲದಲ್ಲಿ ಓಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ರಜೆ ಸಿಕ್ಕಿರಲಿಲ್ಲ. ಬೆಳಿಗ್ಗೆ ತವರುಮನೆಯಲ್ಲಿರುವ ಅಜ್ಜಿಯ ಸೋದರಸೊಸೆ ಫುಮಿಎ ಅತ್ತೆ ಫೋನ್ ಮಾಡಿ, ಇಲ್ಲಿ ಹಿಮ ಸುರಿಯುತ್ತಿದೆ, ಯಾರನ್ನೂ ಕಳಿಸಬೇಡಿ, ಮನೆಯಲ್ಲಿರುವ ಯಾವುದಾದರೂ ಬಟ್ಟೆ ತೊಡಿಸುತ್ತೇನೆ, ದೇವರೇನು ಮಕ್ಕಳ ಹಾಗೆ ಹಟ ಮಾಡುವುದಿಲ್ಲ ಎಂದಳು.

"ದೇವರು ಮಾಡಲ್ಲ, ನಾನು ಮಾಡ್ತೀನಿ" ಎಂದು ಅಜ್ಜಿ ಫೋನ್ ಇಟ್ಟುಬಿಟ್ಟಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಚಿಸಾತೊ, ನೀನು ಮೋಡ ನೋಡ್ತಾ ಅಂಚೆಪೆಟ್ಟಿಗೆಗೆ ಗುದ್ದಿದೋಳು. ಆದ್ರೂ ಈ ಮನೇಲಿ ಇವತ್ತು ಎರಡು ಕಾಲೂ ನೆಟ್ಟಗಿರೋಳು ನೀನೊಬ್ಳೇ."

"ಹೊತ್ತು ಮುಳುಗೋದ್ರೊಳಗೆ ತೊಡಿಸ್ತೀನಿ ಅಜ್ಜಿ."

ಅಜ್ಜಿ ಹೊಲಿದಿಟ್ಟ ಅಂಗಿ ಎಂದರೆ ಕೆಂಪು ಹತ್ತಿಬಟ್ಟೆಯ ಎರಡು ಚೌಕ, ನಡುವೆ ತಲೆ ತೂರಿಸಲು ತೂತು. ಈ ಸಲ ಹೊಲಿಗೆ ಅಲ್ಲಲ್ಲಿ ಸೊಟ್ಟಗಿತ್ತು. ಅವನ್ನು ಗಂಟು ಕಟ್ಟಿ ಕೋಟಿನೊಳಗೆ ಎದೆಗೆ ಒತ್ತಿಕೊಂಡೆ.

ನಮ್ಮದು ಚಿಕ್ಕ ಬಿಳಿ ಕಾರು, ಆದರೆ ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹೋಗುತ್ತದೆ. ಮೇಲೆ ಕೂತ ಹಿಮವನ್ನೆಲ್ಲ ಗುಡಿಸಿ, ಗಾಜಿಗೆ ಹೆಪ್ಪುಗಟ್ಟಿ ಅಂಟದಿರಲೆಂದು ರಾತ್ರಿ ಎತ್ತಿಟ್ಟಿದ್ದ ವೈಪರ್ ಇಳಿಸಿ, ಒಂದು ಗಂಟೆಗೆ ಹೊರಟೆ. ಘಟ್ಟದ ಬುಡದಲ್ಲಿ ಸ್ಟಿಯರಿಂಗಿನ ಎಡಕ್ಕಿರುವ ಸ್ನೋ ಮೋಡ್ ಗುಂಡಿ ಒತ್ತಿದೆ. ಮುಂದಿನ ಫಲಕದಲ್ಲಿ ಪುಟ್ಟ ಹಸಿರು ಹಿಮಹೂವು ಹತ್ತಿಕೊಂಡಿತು. ಅದು ಹತ್ತಿದರೆ ಕಾರಿನ ಸ್ವಭಾವವೇ ಬೇರೆ. ನಾನು ಎಷ್ಟು ತುಳಿದರೂ ಅದು ಒಂದು ಕ್ಷಣ ಯೋಚಿಸಿ, ಸ್ವಲ್ಪವೇ ಮುಂದೆ ಹೋಗುತ್ತದೆ. ಯಾವ ಚಕ್ರ ಜಾರುವ ಹಾಗೆ ಕಂಡರೂ ಅದರ ಕಿವಿ ಹಿಂಡಿ, ಉಳಿದವಕ್ಕೆ ಬಲ ಕೊಡುತ್ತದೆ. ಮಲಗಿದ ಕೂಸಿನ ಪಕ್ಕದಲ್ಲಿ, ಮಲಗಿದ ಕೂಸಿನ ಪಕ್ಕದಲ್ಲಿ ಎಂದುಕೊಳ್ಳುತ್ತ ಹತ್ತಿದೆ. ನಡುದಾರಿಯಲ್ಲಿ ಪೇಟೆಯ ನಂಬರಿನ ದೊಡ್ಡ ಜೀಪೊಂದು ಮೂತಿ ಚರಂಡಿಗಿಟ್ಟು ನಿಂತಿತ್ತು. ಕಿಟಕಿ ಇಳಿಸಿ ಕೇಳಿದೆ. ಎಳೆಯುವ ಗಾಡಿ ಬರುತ್ತಿದೆ, ನೀವು ಹೋಗಿ ಎಂದು ಅದರ ಯಜಮಾನ ನಾಚಿಕೆಯಿಂದ ಕೈಯಾಡಿಸಿದ.

ಇಳಿಜಾರಿನಲ್ಲಿ ಅವನ ಗತಿಯೇ ನನಗೂ ಬರುವುದರಲ್ಲಿತ್ತು. ಹತ್ತುವಾಗ ಕಾರು ಅಷ್ಟು ವಿಧೇಯವಾಗಿತ್ತಲ್ಲ, ಆ ನಂಬಿಕೆಯಲ್ಲಿ ಮೊದಲ ತಿರುವಿನಲ್ಲೇ ಬ್ರೇಕ್ ಒತ್ತಿದೆ. ಒದ್ದೆ ಮೇಜಿನ ಮೇಲಿನ ತಟ್ಟೆಯ ಹಾಗೆ ಕಾರು ಸುಮ್ಮನೆ ತೇಲಿತು. ಗುಂಡಿ ಮುಂದಕ್ಕೆ ಹೋಗಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಅದು ನನಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಬ್ರೇಕ್ ಬಿಟ್ಟೆ. ಚಕ್ರಗಳು ಮತ್ತೆ ನೆಲ ಹಿಡಿದವು, ತಡೆಗೋಡೆಗೆ ಒಂದು ಗೇಣು ಉಳಿದಿತ್ತು. ಗೇರನ್ನು ಕೆಳಗಿಳಿಸಿ ಎಂಜಿನ್ನಿನ ಹಿಡಿತದಲ್ಲೇ ಉಳಿದ ಹನ್ನೊಂದು ತಿರುವು ಇಳಿದೆ. ಅಷ್ಟು ಹೊತ್ತೂ ನನಗೆ ಒಂದು ಹಗಲುಗನಸೂ ಬೀಳಲಿಲ್ಲ.

ಹೊಸೊದಾ ಊರು ಮುಟ್ಟಿದಾಗ ಮೂರೂವರೆ. ಅಲ್ಲಿಂದ ತವರುಮನೆ ಎರಡು ಮೈಲಿ, ಏರುದಾರಿ. ಅಷ್ಟರಲ್ಲಿ ಗಾಳಿ ಎದ್ದು ನೆಲದ ಹಿಮವನ್ನೂ ಆಕಾಶದ ಹಿಮವನ್ನೂ ಕಲಸಿಬಿಟ್ಟಿತು. ದಾರಿಯ ಅಂಚು ತೋರಿಸುವ ಕೆಂಪು-ಬಿಳಿ ಕಂಬಗಳು ಒಂದೂ ಕಾಣಲಿಲ್ಲ. ನಡೆಯುವ ವೇಗದಲ್ಲಿ ತೆವಳಿದೆ. ಕೊನೆಗೆ ಎಡಕ್ಕೆ ಕೆಂಪಗೆ ಏನೋ ಅಲ್ಲಾಡಿತು. ಬಿದಿರುಗಳ ತುದಿಗೆ ಕೆಂಪು ಬಟ್ಟೆ. ಕಂಬ ಮುರಿದಲ್ಲಿ ಊರವರು ಗುರುತಿಗೆ ನೆಟ್ಟಿರಬೇಕು ಎಂದುಕೊಂಡು ಅದರ ಜಾಡು ಹಿಡಿದೆ. ಮೂರನೆಯ ಬಿದಿರು ದಾಟುವಷ್ಟರಲ್ಲಿ ಕಾರು ಹೊಟ್ಟೆಯವರೆಗೆ ಹೂತುಹೋಯಿತು.

ಕಾರಿನ ಹೊಗೆ ಒಳಗೆ ನುಗ್ಗದಿರಲೆಂದು ಮೊದಲು ಹೊಗೆಕೊಳವೆಯ ಸುತ್ತ ಹಿಮ ತೆಗೆದೆ. ಆಮೇಲೆ ಚಕ್ರಗಳ ಮುಂದೆ ಸಲಿಕೆಯಿಂದ ತೋಡಿ, ಒಳಗೆ ಕೂತು ಮೆತ್ತಗೆ ತುಳಿದೆ. ಕಾರು ಗೊಣಗಿ ಸುಮ್ಮನಾಯಿತು. ಮತ್ತೆ ತೋಡಿದೆ, ಮತ್ತೆ ಮೆತ್ತಗೆ ತುಳಿದೆ. ಹಸಿರು ಹಿಮಹೂವು ಮಿಣಮಿಣ ಎನ್ನುತ್ತಿತ್ತು, ಚಕ್ರ ಅರ್ಧ ಸುತ್ತೂ ತಿರುಗಲಿಲ್ಲ. ಗಂಟೆ ನಾಲ್ಕೂಕಾಲಾಯಿತು. ಆ ಗಾಳಿಯಲ್ಲಿ ಎರಡು ಮೈಲಿ ನಡೆದರೆ ಅಂಗಿಯೂ ತಲುಪುವುದಿಲ್ಲ, ನಾನೂ ತಲುಪುವುದಿಲ್ಲ. ಮೂರನೆಯ ಸಲ ಸಲಿಕೆ ಇಳಿಸಿದಾಗ ಹಿಮದೊಳಗಿಂದ ಒಂದು ಎಲೆಕೋಸು ಉರುಳಿಬಂತು.

"ಸಾಕು ನಿಲ್ಸು, ಉಳಿದಿದ್ದನ್ನಾದ್ರೂ ನಮಗೆ ಬಿಡು" ಎಂದಿತು ಹಿಂದಿನಿಂದ ಒಂದು ದನಿ.

ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಬುಟ್ಟಿಯಂತೆ ಹೆಣೆದ ಮೆಟ್ಟು ಕಟ್ಟಿಕೊಂಡ ಮುದುಕನೊಬ್ಬ ನಿಂತಿದ್ದ. ಅಜ್ಜಿಯ ಬಾಲ್ಯದ ನೆರೆಯೂರಿನ ಗೆಳೆಯ, ಗೆಂಜಿರೊ ತಾತ. ನನಗೆ ಆಗ ಅರ್ಥವಾಯಿತು. ಆ ಬಿದಿರು ದಾರಿಯ ಗುರುತಲ್ಲ. ಸಿಹಿಯಾಗಲೆಂದು ಹಿಮದಡಿ ಬಿಟ್ಟ ಕೋಸಿನ ಸಾಲುಗಳ ಗುರುತು. ನಮ್ಮ ಹಿತ್ತಲಲ್ಲೂ ಅದೇ ಬಿದಿರು, ಅದೇ ಕೆಂಪು ಬಟ್ಟೆ.

ನಾನು ಯಾರ ಮೊಮ್ಮಗಳು, ಎಲ್ಲಿಗೆ ಹೊರಟೆ ಎಂದು ಹೇಳಿ ಕ್ಷಮೆ ಕೇಳಿದೆ. ತಾತ ಕಾರಿನೊಳಗೆ ಇಣುಕಿ ಹಸಿರು ದೀಪ ನೋಡಿದ.

"ಆ ಗುಂಡಿ ಆರ್ಸು ಮಗಾ."

"ತಾತ, ಇದು ಹಿಮಕ್ಕೇ ಅಂತ ಇರೋದು. ಮೆತ್ತಗೆ ಹೋಗ್ಬೇಕಲ್ವಾ?"

"ಮೆತ್ತಗೆ ಹೋಗೋದು ದಾರಿ ಮೇಲೆ. ಹೂತ ಮೇಲೆ ಏನು ಮೆತ್ತಗೆ? ಕಿನು ಅಕ್ಕ ಕೆಂಡದ ಹುಡುಗಿ ಕಥೆ ಹೇಳ್ಲಿಲ್ವಾ ನಿಂಗೆ?"

ಹೇಳಿದ್ದಳು, ನಾನು ಅರ್ಧಕ್ಕೇ ಮಲಗುತ್ತಿದ್ದೆ ಎಂದೆ. ತಾತನಿಗೆ ನಗು ತಡೆಯಲಾಗಲಿಲ್ಲ.

"ಊರ ಬಾಗಿಲಲ್ಲೇ ಅವಳು ಸೊಂಟದ ತನಕ ಹೂತ್ಲು. ಮೆತ್ತಗೆ ಕಾಲೆತ್ತಿದ್ರೆ ಬರ್ಲಿಲ್ಲ. ಆಗ ಬೆಟ್ಟ ಏನಂತು ಗೊತ್ತಾ? ಇಷ್ಟು ಹೊತ್ತು ಮರ್ಯಾದೆಯಿಂದ ನಡೆದಿದ್ದೀಯ, ಈಗ ನಾಲ್ಕು ಸಲ ಒದ್ದು ಹೋಗು, ನಾನು ಬೇಜಾರು ಮಾಡ್ಕೊಳ್ಳಲ್ಲ ಅಂತು."

ಅವನು ಮನೆಯಿಂದ ಹುಲ್ಲಿನ ಚಾಪೆಗಳನ್ನು ತಂದು ಹಿಂದಿನ ಚಕ್ರಗಳಡಿ ತುರುಕಿದ. ನಾನು ಗುಂಡಿ ಆರಿಸಿದೆ. ಚಕ್ರ ಜಾರದಂತೆ ಹಿಡಿಯುವ ಇನ್ನೊಂದು ಗುಂಡಿಯನ್ನೂ ಒತ್ತಿ ಹಿಡಿದು ಆರಿಸಿದೆ. ಹಿಂದಕ್ಕೆ ಒಂದು ಗುಮ್ಮು, ಮುಂದಕ್ಕೆ ಒಂದು ಗುಮ್ಮು. ಕಾರು ತೊಟ್ಟಿಲಿನಂತೆ ತೂಗಿತು, ಚಕ್ರಗಳು ಕೂಗಿದವು, ಹಿಮದ ಜೊತೆ ಕೋಸಿನ ಎಲೆಗಳೂ ಹಾರಿದವು. ನಾಲ್ಕನೆಯ ಸಲ ಕಾರು ಚಾಪೆ ಹಿಡಿದು ಹಿಂದಕ್ಕೆ ಹಾರಿ ದಾರಿಯ ಮೇಲೆ ನಿಂತಿತು.

ತಾತ ಒಂದು ಬಿದಿರು ಕಿತ್ತುಕೊಂಡು, ಕೆಂಪು ಬಟ್ಟೆ ಆಡಿಸುತ್ತ, ಊರು ಮುಗಿಯುವವರೆಗೆ ಕಾರಿನ ಮುಂದೆ ನಡೆದ. ಮೊದಲ ಕೆಂಪು-ಬಿಳಿ ಕಂಬ ಕಂಡ ಕಡೆ ಪಕ್ಕಕ್ಕೆ ಸರಿದು, ಈಗ ನಿನ್ನ ಹೂವು ಹೊತ್ತಿಸಿಕೋ ಎಂದು ಸನ್ನೆ ಮಾಡಿದ. ಹೊತ್ತಿಸಿಕೊಂಡೆ. ಏರುದಾರಿಯನ್ನು ಕಾರು ಉಸಿರು ಬಿಗಿಹಿಡಿದ ಹಾಗೆ ಹತ್ತಿತು.

ಮನೆ ಮುಟ್ಟಿದಾಗ ಐದಾಗಿತ್ತು. ಚಳಿಗೆ ಕಚ್ಚಿಕೊಳ್ಳುತ್ತದೆಂದು ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲೇ ಬಿಟ್ಟು ಓಡಿದೆ. ಒಳಗೆ ದೇವರುಗಳು ಪೆಟ್ಟಿಗೆಯ ಮುಂದೆ ಇನ್ನೂ ನಿಂತಿದ್ದವು. ಫುಮಿಎ ಅತ್ತೆಯ ಕೈಯಲ್ಲಿ ಹೂವಿನ ಚಿತ್ರದ ಬಟ್ಟೆ, ಇನ್ನೊಂದು ಕೈಯಲ್ಲಿ ಕತ್ತರಿ. ನನ್ನನ್ನು ನೋಡಿ ಅವಳು ಕತ್ತರಿ ಕೆಳಗಿಟ್ಟಳು.

"ಕಿನು ಅತ್ತೆಯ ಹಟ ನಿಂಗೂ ಬಂತಾ? ಕೈ ತೊಳ್ಕೊ, ಬೇಗ."

ಬಿಸಿನೀರಿನಲ್ಲಿ ಕೈ ತೊಳೆದೆ. ಬೆರಳುಗಳಿಗೆ ಜೀವವಿರಲಿಲ್ಲ. ಹುಡುಗಿಯ ತಲೆಗೆ ಅಂಗಿ ಸಲೀಸಾಗಿ ಇಳಿಯಿತು. ಕುದುರೆಯ ಕಿವಿ ಸೊಟ್ಟ ಹೊಲಿಗೆಗೆ ಸಿಕ್ಕಿಕೊಂಡಿತು. ಮೆತ್ತಗೆ ಎಳೆದೆ, ಬರಲಿಲ್ಲ. ಕಾಗದ ಹೊದಿಸಿದ ಬಾಗಿಲಿನಿಂದ ಬರುವ ಬೆಳಕು ಬೂದುಬಣ್ಣವಾಗುತ್ತಿತ್ತು. ಅಂಚನ್ನು ಗಟ್ಟಿಯಾಗಿ ಹಿಡಿದು ಒಮ್ಮೆ ಜಗ್ಗಿದೆ. ಒಂದು ಕಿವಿ ಹೊರಬಂತು, ಆಮೇಲೆ ಇನ್ನೊಂದು. ಅರವತ್ತೆರಡನೆಯ ಅಂಗಿ ಅರವತ್ತೊಂದರ ಮೇಲೆ ಜಾರಿ ಕೂತಿತು.