ಕಣ್ಣು ಮುಚ್ಚಿ ಗೆದ್ದವನು

ನಾಯಕನಟನಿಗೆ ಚದುರಂಗವೆಂದರೆ ಪ್ರಾಣ. ಹತ್ತು ವರ್ಷಕ್ಕೆ ಹಿಡಿದ ಹುಚ್ಚು ಅರವತ್ತಾದರೂ ಬಿಟ್ಟಿರಲಿಲ್ಲ. ಮೇಕಪ್ ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ, ಕಣ್ಣು ಮುಚ್ಚಿ, ಬಾಯಲ್ಲೇ ನಡೆ ಹೇಳುತ್ತಿದ್ದ. ಎದುರಾಳಿಯೂ ಆದ ಮೇಕಪ್ಪಿನವರು ಒಂದು ಕೈಯಲ್ಲಿ ಬಣ್ಣ ಹಚ್ಚುತ್ತಾ ಇನ್ನೊಂದು ಕೈಯಲ್ಲಿ ಇಬ್ಬರ ಕಾಯಿಗಳನ್ನೂ ನಡೆಸುತ್ತಿದ್ದರು. ಇಪ್ಪತ್ತೆಂಟು ವರ್ಷದ ಜೊತೆ. ಮೊದಮೊದಲ ಕೆಲವು ಆಟ ಬಿಟ್ಟರೆ ಗೆದ್ದದ್ದೆಲ್ಲ ನಾಯಕನೇ. ಬಣ್ಣ ಮುಗಿದು ಕಣ್ಣು ಬಿಟ್ಟಾಗ ಹಲಗೆ ತನ್ನ ನೆನಪಿಗೆ ತಾಳೆಯಾಗದಿದ್ದರೂ, ಗೆದ್ದಿದ್ದೇನಲ್ಲ ಎಂದು ಮೀಸೆ ತಿರುವುತ್ತಿದ್ದ. ಹೊಗಳಿಕೆಗೆ ಲೆಕ್ಕ ಕೇಳುವವರು ಯಾರು!

ಅವನ ಈ ಹುಚ್ಚಿನ ಮೇಲೆ ಟಿ.ವಿ.ಯವರು ಒಂದು ಕಾರ್ಯಕ್ರಮ ಮಾಡಿದರು. ಪ್ರಸಾರದ ದಿನ ಬೀಗರನ್ನೂ ಕರೆಸಿ ಎಲ್ಲರನ್ನೂ ಟಿ.ವಿ. ಮುಂದೆ ಕೂರಿಸಿದ. ಪರದೆಯಲ್ಲಿ ಅವನು ಮೇಕಪ್ಪಿನವರತ್ತ ಬೆರಳು ಮಾಡಿ, "ಪಾಪ, ಇವನು ಹುಟ್ಟಾ ಸೋಲುಗಾರ," ಎಂದು ನಗುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ ಕುದುರೆ ನಡೆಸಲು ಹೇಳಿದ. ಮೇಕಪ್ಪಿನವರ ಕೈ ಕುದುರೆಯನ್ನು ಮುಟ್ಟದೆ ಅವನ ಮಂತ್ರಿಯನ್ನು ಎತ್ತಿ ಬೇರೆಡೆ ಇಟ್ಟಿತು.

"ರೀ, ನೀವು ಹೇಳಿದ್ದು ಕುದುರೆ ಅಲ್ವಾ?" ಎಂದಳು ಹೆಂಡತಿ, ಮುಗ್ಧವಾಗಿ.

ಬೀಗರು ಕೆಮ್ಮಿದರು. ಕುದುರೆ ನಡೆದಿದ್ದರೆ ತಾನು ಅಲ್ಲೇ ಸೋಲುತ್ತಿದ್ದೆನೆಂದು ಅವನಿಗೂ ಈಗ ಕಂಡಿತು. ನಾಚಿಕೆಯಿಂದ ಕಿವಿಯವರೆಗೂ ಸುಟ್ಟಂತಾಯಿತು. ಊಟ ಸೇರಲಿಲ್ಲ. ಮೋಸಹೋದದ್ದಕ್ಕಿಂತ, ಆ ಬೆರಳು ಮಾಡಿದ್ದು ಹೆಚ್ಚು ಚುಚ್ಚುತ್ತಿತ್ತು. ನಾಳೆ ಕ್ಷಮೆ ಕೇಳಲೇಬೇಕೆಂದುಕೊಂಡ.

ಬೆಳಿಗ್ಗೆ ಕುರ್ಚಿಯಲ್ಲಿ ಕೂತವನ ಬಾಯಿಂದ ಬಂದದ್ದು ಮಾತ್ರ, "ಯಾಕೆ ಹಾಗೆ ಮಾಡ್ತಿದ್ದೆ?" ಎಂಬ ಪ್ರಶ್ನೆ.

ಮೇಕಪ್ಪಿನವರು ಸ್ಪಂಜ್ ಒದ್ದೆ ಮಾಡುತ್ತಲೇ ಹೇಳಿದರು: "ಸೋತ ದಿನ ನಿಮ್ಮ ಮುಖ ಗಂಟಾಗ್ತಿತ್ತು ಸಾರ್. ಬಣ್ಣ ಕೂರ್ತಿರಲಿಲ್ಲ. ತೊಳೆದು ತೊಳೆದು ಹಚ್ಚಬೇಕಾಗ್ತಿತ್ತು. ತಡ ಆಯ್ತು ಅಂತ ಡೈರೆಕ್ಟರು ನನಗೇ ಬೈಯೋರು."

ಇವತ್ತು ಕಣ್ಣು ಬಿಟ್ಟೇ ಆಡೋಣ, ನನ್ನ ಕಾಯಿ ನಾನೇ ನಡೆಸುತ್ತೇನೆ ಎಂದ ನಾಯಕ. ಆಟ ಮುಗಿದ ಮೇಲೆ ಕ್ಷಮೆ ಕೇಳುವುದೆಂದು ಅವನ ಎಣಿಕೆ. ಹದಿನಾಲ್ಕನೇ ನಡೆಗೆ ಅವನ ರಾಜ ಸಿಕ್ಕಿಬಿದ್ದ.

ಅವನು ಕನ್ನಡಿ ನೋಡಿಕೊಂಡ. ಹುಬ್ಬು ಗಂಟಿಕ್ಕಿತ್ತು, ದವಡೆ ಬಿಗಿದಿತ್ತು. ತಪ್ಪಾಯಿತು ಎನ್ನಲು ಬಂದವನಿಗೆ ಬಂದಿದ್ದು ಸಿಟ್ಟು! ತನ್ನ ಮೇಲೇ ಅಸಹ್ಯವಾಯಿತು.

ಮೇಕಪ್ಪಿನವರು ಸ್ಪಂಜ್ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತರು.

"ಅವಸರ ಇಲ್ಲ ಸಾರ್," ಎಂದರು. "ಮುಖ ಸಡಿಲ ಆಗ್ಲಿ, ಕಾಯ್ತೀನಿ."